ಹೊಟ್ಟೆಯ ಬಾಗಿಲಿನ ಗಂಟು

(ಬಾನುಲಿ ಭಾಷಣದ ಬರಹರೂಪ)

ವೈದ್ಯಶಾಸ್ತ್ರದ ಸಂಗತಿಯೊಂದನ್ನು ಕುರಿತು ಮಾತನಾಡಲು ಕನ್ನಡ ಮೇಷ್ಟರಿಗೆ ಏನಧಿಕಾರವೆಂದು ಕೇಳುಗರಲ್ಲಿ ಕೆಲವರಾದರೂ ಕೇಳಿಕೊಂಡಾರು. ಪ್ರಶ್ನೆ ನ್ಯಾಯವಾದದ್ದೇ. ಮೂವತ್ತನಾಲ್ಕು ವರ್ಷ ನಾನು ಹಳಗನ್ನಡ ಕಾವ್ಯ, ಛಂದಸ್ಸು, ಗ್ರಂಥಸಂಪಾದನೆ ಇವನ್ನು ಪಾಠ ಹೇಳಿದವನು. ಶಸ್ತ್ರವೈದ್ಯರ ಕತ್ತರಿಯನ್ನು ದೂರದಿಂದಲಾದರೂ ಕಂಡವನಲ್ಲ. ಆದರೆ ಐವತ್ತಕ್ಕೂ ಮಿಕ್ಕ ವರ್ಷಗಳ ಅಂತರದಲ್ಲಿ ನಮ್ಮ ಮನೆಯಲ್ಲಿ ನಡೆದ ಎರಡು ಘಟನೆಗಳು ನನ್ನನ್ನು ಈ ಚರಿತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದುವು. ಒಳಗೆ ಇಣುಕಿ ನೋಡಿದಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲನೆಯ ಘಟನೆ 1965ರದು. ಅರಸೀಕೆರೆಯ ಕಡೆಯ ಹಳ್ಳಿ ನಮ್ಮದು. ನನಗೆ ಆಗ ಆರು ವರ್ಷ. ನನಗೊಬ್ಬ ತಮ್ಮ ಹುಟ್ಟಿದ್ದ. ಮೂರು ವಾರ ಚೆನ್ನಾಗಿಯೇ ಇದ್ದ ಕೂಸು, ಆಮೇಲೆ ಕುಡಿದ ಹಾಲನ್ನೆಲ್ಲ ಕಾರತೊಡಗಿತು. ಸಾಧಾರಣವಾಗಿ ಎಳೆಮಕ್ಕಳು ಕಟವಾಯಿಂದ ಇಳಿಸುವ ಹಾಲಲ್ಲ ಅದು. ಮೊಳದುದ್ದ ಚಿಮ್ಮಿ ಬೀಳುತ್ತಿತ್ತು. ಕಾರಿಕೊಂಡ ಮರುಕ್ಷಣವೇ ಹಸಿವಿನಿಂದ ಮತ್ತೆ ಅಳು. ಅಜ್ಜಿ ಬಟ್ಟಲಲ್ಲಿ ಅಮ್ಮನ ಹಾಲನ್ನು ಹಿಂಡಿಸಿ, ಅದರಲ್ಲಿ ಇರುವೆಯನ್ನು ಬಿಟ್ಟು ನೋಡಿದರು. ಇರುವೆ ಸತ್ತಿತು. ಹಾಲಿನಲ್ಲಿ ಮುಳುಗಿದ ಇರುವೆ ಸಾಯದೆ ಇನ್ನೇನು ಮಾಡೀತು ಎಂದು ಯಾರಿಗೂ ತೋರಲಿಲ್ಲ. ಹಾಲು ನಂಜಾಗಿದೆಯೆಂದು ತೀರ್ಮಾನವಾಯಿತು. ಅಮ್ಮನಿಗೆ ಪಥ್ಯ, ಕೂಸಿಗೆ ತಾಯಿತ, ದೃಷ್ಟಿ ತೆಗೆದದ್ದು, ಕೊನೆಗೆ ಎದೆಹಾಲು ಬಿಡಿಸಿ ನೀರು ಬೆರೆಸಿದ ಹಸುವಿನ ಹಾಲು. ಎಂಟನೆಯ ವಾರದಲ್ಲಿ ತಮ್ಮ ತೀರಿಕೊಂಡ. ಹೆಸರಿಟ್ಟಿದ್ದರೋ ಇಲ್ಲವೋ ನನಗೆ ನೆನಪಿಲ್ಲ. ‘ಪುಟ್ಟು’ ಎಂದು ಕರೆಯುತ್ತಿದ್ದೆವು. ‘ಅವಳ ಹಾಲೇ ಕೂಸಿಗೆ ನಂಜಾಯಿತು’ ಎಂಬ ಮಾತು ಮಾತ್ರ ಮನೆಯಲ್ಲಿ ಬಹುಕಾಲ ಉಳಿಯಿತು.

ಇದನ್ನು ಹಳ್ಳಿಗರ ಅಜ್ಞಾನವೆಂದು ನಕ್ಕುಬಿಡುವುದು ಸುಲಭ. ಆದರೆ ಇದರ ಹಿಂದೆ ಶಾಸ್ತ್ರವೂ ಇತ್ತು. ಸುಶ್ರುತಸಂಹಿತೆ ಒಂಬತ್ತು ಬಾಲಗ್ರಹಗಳನ್ನು ಎಣಿಸುತ್ತದೆ. ಕಾಶ್ಯಪಸಂಹಿತೆಯಲ್ಲಿ ಸ್ತನ್ಯದೋಷದ ವಿಚಾರ ವಿಸ್ತಾರವಾಗಿಯೇ ಬಂದಿದೆ. ಯೂರೋಪಿನ ವೈದ್ಯರು ನಮಗಿಂತ ಬಹಳ ಮುಂದಿದ್ದರೆಂದೂ ತಿಳಿಯಬೇಕಾಗಿಲ್ಲ. ಅವರೂ ಇಂಥ ಕೂಸುಗಳಿಗೆ ಹಾಲು ಬದಲಾಯಿಸಿ, ದಾದಿಯನ್ನು ಬದಲಾಯಿಸಿ, ಎಲ್ಲ ಬದಲಾದ ಮೇಲೂ ಕೂಸು ಸಾಯುವುದನ್ನು ನೋಡುತ್ತ ಕುಳಿತಿದ್ದವರೇ. ದೋಷ ಬರುವ ಹಾಲಿನಲ್ಲಿಲ್ಲ, ಅದು ಹೋಗಬೇಕಾದ ದಾರಿಯಲ್ಲಿದೆ ಎಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಆ ದಾರಿ ಯಾವುದೆಂದು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಜಠರದಿಂದ ಆಹಾರ ಸಣ್ಣಕರುಳಿಗೆ ಇಳಿಯುವಲ್ಲಿ ಒಂದು ಕಿರಿದಾದ ಬಾಗಿಲಿದೆ. ಅದಕ್ಕೆ ‘ಪೈಲೋರಸ್’ ಎಂದು ಹೆಸರು. ಗ್ರೀಕಿನಲ್ಲಿ ಈ ಮಾತಿನ ಅರ್ಥ ಬಾಗಿಲು ಕಾಯುವವನು, ದ್ವಾರಪಾಲಕ. ಸುತ್ತಲೂ ಬಳೆಯಂತೆ ಒಂದು ಸ್ನಾಯು. ಅದು ಬಿಗಿದರೆ ಬಾಗಿಲು ಮುಚ್ಚುತ್ತದೆ, ಸಡಿಲಿದರೆ ತೆರೆಯುತ್ತದೆ. ಕೆಲವು ಕೂಸುಗಳಲ್ಲಿ, ಹುಟ್ಟಿದ ಎರಡು ಮೂರು ವಾರಗಳ ಮೇಲೆ, ಈ ಸ್ನಾಯು ದಪ್ಪವಾಗುತ್ತ ಬೆಳೆದು ಗಂಟಿನಂತಾಗಿ ನಡುವಿನ ದಾರಿಯನ್ನೇ ಅಮುಕಿಬಿಡುತ್ತದೆ. ವೈಕುಂಠದ ಬಾಗಿಲಲ್ಲಿ ಜಯವಿಜಯರು ತಡೆದದ್ದು ಬಾಲರೂಪದ ಸನಕಾದಿಗಳನ್ನು ಎಂಬುದು ನನಗೆ ಇಲ್ಲಿ ನೆನಪಾಗುತ್ತದೆ. ಈ ದ್ವಾರಪಾಲಕನ ತಡೆಯೂ ಎಳೆಯರಿಗೇ. ಅವರಲ್ಲಿಯೂ ಗಂಡುಕೂಸುಗಳೇ ಹೆಚ್ಚು, ಒಂದು ಹೆಣ್ಣಿಗೆ ನಾಲ್ಕು ಗಂಡು. ಚೊಚ್ಚಲ ಮಕ್ಕಳು ಇನ್ನೂ ಹೆಚ್ಚು. ಯೂರೋಪಿನಲ್ಲಿ ಸಾವಿರ ಕೂಸುಗಳಿಗೆ ಎರಡು ಮೂರರಂತೆ ಕಾಣಿಸುವ ಈ ಕಾಯಿಲೆ ನಮ್ಮಲ್ಲಿ ಅಷ್ಟಿಲ್ಲ. ಅಪರೂಪವಾದದ್ದರಿಂದಲೇ ಗುರುತು ಸಿಕ್ಕದೆ ಹೋಗುವ ಅಪಾಯ ಹೆಚ್ಚು.

ಈ ಗಂಟನ್ನು ಕಣ್ಣಾರೆ ಕಂಡು ಸ್ಪಷ್ಟವಾಗಿ ಬರೆದಿಟ್ಟವರಲ್ಲಿ ಮೊದಲಿಗನೆನ್ನಬಹುದಾದವನು ಅಮೆರಿಕದ ಕನೆಕ್ಟಿಕಟ್ ಸೀಮೆಯ ಹೆಜೆಕಾಯ ಬಿಯರ್ಡ್ಸ್‌ಲಿ ಎಂಬ ವೈದ್ಯ. ನ್ಯೂ ಹೇವನ್ ಪ್ರಾಂತದ ವೈದ್ಯರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. 1788ರಲ್ಲಿ ತಮ್ಮ ಅನುಭವಗಳ ಪುಟ್ಟ ಸಂಪುಟವೊಂದನ್ನು ಅಚ್ಚುಹಾಕಿಸಿದರು. ಅದರಲ್ಲಿ ಬಿಯರ್ಡ್ಸ್‌ಲಿಯ ಲೇಖನವಿದೆ. ಹುಟ್ಟಿದ ಮೊದಲ ವಾರದಿಂದಲೇ ಹಾಲು ಕಾರುತ್ತಿದ್ದ ಮಗು ಹೇಗೋ ಐದು ವರ್ಷದವರೆಗೆ ಜೀವ ಹಿಡಿದುಕೊಂಡಿತ್ತು. ತಾನು ಜಠರದ ದೌರ್ಬಲ್ಯವೆಂದು ಊಹಿಸಿ ಔಷಧ ಕೊಟ್ಟದ್ದನ್ನು ಆತ ಮುಚ್ಚಿಡುವುದಿಲ್ಲ. ಮಗು ಸತ್ತ ಮೇಲೆ ದೇಹವನ್ನು ತೆರೆದು ನೋಡಿದಾಗ, ಜಠರ ಹಿಗ್ಗಿ ದೊಡ್ಡದಾಗಿತ್ತು. ಅದರ ಬಾಗಿಲನ್ನು ಗಟ್ಟಿಯಾದ ಗೆಡ್ಡೆಯೊಂದು ಸುತ್ತಿಕೊಂಡಿತ್ತು. ತೀರ ತೆಳುವಾದ ದ್ರವವೂ ಅಲ್ಲಿ ಕಷ್ಟದಿಂದ ಹಾಯಬೇಕಾಗಿತ್ತು. ತನ್ನ ಊಹೆ ತಪ್ಪಾಗಿತ್ತೆಂಬುದನ್ನು ಅಚ್ಚಿನಲ್ಲಿ ಒಪ್ಪಿಕೊಂಡ ಆ ಹಳ್ಳಿಯ ವೈದ್ಯನನ್ನು ನಾನು ದೊಡ್ಡವನೆಂದು ತಿಳಿಯುತ್ತೇನೆ. ಪಾಠ ತಿದ್ದಿಕೊಳ್ಳಲು ಒಪ್ಪದ ಸಂಪಾದಕರನ್ನು ಸಾಕಷ್ಟು ನೋಡಿದವನು ನಾನು.

ಆದರೆ ಆ ಸಂಪುಟ ಎಲ್ಲಿ ಹೋಯಿತೋ ಅಲ್ಲಿಯೇ ಮಲಗಿತು. ನಮ್ಮ ತಾಳೆಗರಿಗಳು ಅಟ್ಟದ ಮೇಲೆ ಮಲಗುವಂತೆಯೇ. ಒಂದು ಶತಮಾನವಾದ ಮೇಲೆ ಬಾಲ್ಟಿಮೋರಿನ ಪ್ರಸಿದ್ಧ ವೈದ್ಯ ವಿಲಿಯಂ ಆಸ್ಲರ್ ಅದನ್ನು ಬೆಳಕಿಗೆ ತಂದು, 1903ರಲ್ಲಿ ಮತ್ತೆ ಮುದ್ರಿಸಿದರು. ಆಸ್ಲರ್ ಪುಸ್ತಕಪ್ರೇಮಿ. ಹಳೆಯ ಪುಸ್ತಕಗಳನ್ನು ಹುಡುಕುವ ಚಟವಿಲ್ಲದ ವೈದ್ಯನ ಕೈಗೆ ಅದು ಸಿಕ್ಕುತ್ತಿರಲಿಲ್ಲ.

ಅಷ್ಟರಲ್ಲಿ ಕಾಯಿಲೆಯನ್ನು ಇನ್ನೊಬ್ಬರು ಹೊಸದಾಗಿ ಕಂಡುಹಿಡಿದಿದ್ದರು. ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹೆರಾಲ್ಡ್ ಹಿರ್ಷ್‌ಸ್ಪ್ರುಂಗ್, ಹಾಲು ಕಾರಿ ಕಾರಿ ಸೊರಗಿ ಸತ್ತ ಎರಡು ಕೂಸುಗಳ ವೃತ್ತಾಂತವನ್ನು 1887ರಲ್ಲಿ ಜರ್ಮನಿಯ ವೀಸ್‌ಬಾಡೆನ್ನಿನ ಸಭೆಯಲ್ಲಿ ಓದಿದರು; ಮರುವರ್ಷ ಅದು ಪ್ರಕಟವಾಯಿತು. ಗಂಡುಕೂಸುಗಳನ್ನೇ ಹೆಚ್ಚಾಗಿ ಹಿಡಿಯುವ ಕಾಯಿಲೆಯ ಈ ಪ್ರಸಿದ್ಧ ವರ್ಣನೆಯಲ್ಲಿ ಬರುವ ಎರಡೂ ಹೆಣ್ಣುಕೂಸುಗಳಾಗಿದ್ದುದು ವಿಚಿತ್ರ. ಆಮೇಲೆ ಎಲ್ಲ ಕಡೆಗಳಿಂದಲೂ ಇಂಥ ವರದಿಗಳು ಬರತೊಡಗಿದುವು. ಅಷ್ಟು ದಿನ ಇಲ್ಲದ ರೋಗ ಒಮ್ಮೆಗೇ ಹುಟ್ಟಿಕೊಂಡದ್ದಲ್ಲ. ಹೆಸರಿಟ್ಟ ಮೇಲೆ ಕಣ್ಣಿಗೆ ಬಿತ್ತು, ಅಷ್ಟೆ.

ಹೆಸರು ಬಂತು, ಚಿಕಿತ್ಸೆ ಬರಲಿಲ್ಲ. ವೈದ್ಯರು ಎರಡು ಪಕ್ಷವಾದರು. ಇದು ಸ್ನಾಯುವಿನ ಸೆಳೆತವೇ ಹೊರತು ಬೆಳವಣಿಗೆಯಲ್ಲ, ಸೆಳೆತ ತಾನಾಗಿ ಇಳಿಯುತ್ತದೆ, ಹೊಟ್ಟೆ ತೊಳೆದು ಚಮಚದಲ್ಲಿ ಹಾಲು ಕೊಡುತ್ತ ಕಾಯಬೇಕು ಎಂದಿತು ಒಂದು ಪಕ್ಷ. ಕೆಲವು ಕೂಸುಗಳು ಹಾಗೆ ಬದುಕಿದ್ದೂ ಉಂಟು. ಕಾಯುತ್ತ ಕುಳಿತರೆ ಕೂಸು ಉಳಿಯುವುದಿಲ್ಲ, ಕತ್ತರಿಸಲೇಬೇಕು ಎಂದಿತು ಇನ್ನೊಂದು. 1898ರಲ್ಲಿ ಜರ್ಮನಿಯ ಲೋಬ್ಕರ್ ಎಂಬ ಶಸ್ತ್ರವೈದ್ಯ, ಮುಚ್ಚಿದ ಬಾಗಿಲನ್ನು ಮುಟ್ಟದೆ, ಜಠರಕ್ಕೂ ಕರುಳಿಗೂ ಬೇರೊಂದು ದಾರಿ ಹೊಲಿದು ಹತ್ತು ವಾರದ ಕೂಸೊಂದನ್ನು ಉಳಿಸಿದ. ಆದರೆ ಎಲ್ಲರಿಗೂ ಆ ಭಾಗ್ಯ ಒದಗಲಿಲ್ಲ. ಎರಡು ಕಿಲೋ ತೂಗುವ, ನೀರಿಲ್ಲದೆ ಒಣಗಿದ ಕೂಸಿನ ಹೊಟ್ಟೆ ತೆರೆದು ಹೊತ್ತುಗಟ್ಟಲೆ ಹೊಲಿಗೆ ಹಾಕುವುದೆಂದರೆ, ಶಸ್ತ್ರಚಿಕಿತ್ಸೆಯಾದ ಕೂಸುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಣ್ಣು ಮುಚ್ಚುತ್ತಿದ್ದುವು.

ಅದೇ ಸುಮಾರಿಗೆ ಗ್ಲಾಸ್ಗೋ ನಗರದಲ್ಲಿ ಜೇಮ್ಸ್ ನಿಕೋಲ್ ಎಂಬಾತನಿದ್ದ. ಬಾಗಿಲನ್ನು ಒಳಗಿನಿಂದ ಹಿಗ್ಗಿಸಿ ಸಡಿಲಗೊಳಿಸುವ ವಿಧಾನದಿಂದ 1899ರಲ್ಲಿ ಒಂದು ಕೂಸನ್ನು ಬದುಕಿಸಿದವನು. ಅವನ ಹೆಸರನ್ನು ಇಲ್ಲಿ ಹೇಳುವುದಕ್ಕೆ ಬೇರೆ ಕಾರಣವೂ ಇದೆ. ಶಸ್ತ್ರಚಿಕಿತ್ಸೆಯಾದ ಎಳೆಗೂಸನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ತಾಯಿಯಿಂದ ಅಗಲಿಸಿ ಮಲಗಿಸಕೂಡದು, ತಾಯಿಯ ತೋಳಿಗಿಂತ ಒಳ್ಳೆಯ ವಾರ್ಡು ಇಲ್ಲ ಎಂಬುದು ಅವನ ನಿಲುವು. ಹತ್ತು ವರ್ಷಗಳಲ್ಲಿ ಹಾಗೆ ಅಂದೇ ಮನೆಗೆ ಕಳುಹಿಸಿದ 8,988 ಶಸ್ತ್ರಚಿಕಿತ್ಸೆಗಳ ಲೆಕ್ಕವನ್ನು ಆತ 1909ರಲ್ಲಿ ಮಂಡಿಸಿದ. ತಾಯಿಯನ್ನು ರೋಗದ ಕಾರಣವೆಂದು ನೋಡುತ್ತಿದ್ದ ಕಾಲದಲ್ಲಿ ಚಿಕಿತ್ಸೆಯ ಭಾಗವೆಂದು ನೋಡಿದ ವೈದ್ಯ ಆತ.

ಇನ್ನು ನನಗೆ ಬಹಳ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಪ್ಯಾರಿಸಿನ ಪಿಯರ್ ಫ್ರೆಡೆ 1907ರಲ್ಲಿ ಒಂದು ಹೊಸ ಉಪಾಯ ಮಾಡಿದ್ದ. ಗಂಟಾದ ಸ್ನಾಯುವನ್ನು ಉದ್ದಕ್ಕೆ ಸೀಳುವುದು, ಒಳಪೊರೆಯನ್ನು ಮುಟ್ಟದೆ ಬಿಡುವುದು, ಸೀಳನ್ನು ಅಡ್ಡಲಾಗಿ ಹೊಲಿದು ದಾರಿಯನ್ನು ಅಗಲ ಮಾಡುವುದು. 1911ರ ಆಗಸ್ಟ್ 23ರಂದು ಜರ್ಮನಿಯ ಮ್ಯುನ್‌ಸ್ಟರ್ ನಗರದಲ್ಲಿ ಕಾನ್ರಾಡ್ ರಾಮ್‌ಸ್ಟೆಟ್ ಎಂಬ ಶಸ್ತ್ರವೈದ್ಯರು ಕೂಸೊಂದರ ಗಂಟನ್ನು ಹೀಗೆಯೇ ಸೀಳಿದರು. ಸೀಳಿದ ಮೇಲೆ ಹೊಲಿಯಬೇಕಲ್ಲ? ಹೊಲಿಯಹೋದರು. ಸ್ನಾಯು ಎಷ್ಟು ಬಿರುಸಾಗಿತ್ತೆಂದರೆ, ಹಾಕಿದ ಹೊಲಿಗೆ ಅದನ್ನು ಕತ್ತರಿಸಿಕೊಂಡು ಕಿತ್ತುಬಂತು. ಮತ್ತೆ ಹೊಲಿಯುವಂತಿರಲಿಲ್ಲ. ಹತ್ತಿರದ ಕೊಬ್ಬಿನ ಪದರವನ್ನು ಎಳೆದು ಮೇಲೆ ಹೊದಿಸಿ, ಹೊಟ್ಟೆ ಮುಚ್ಚಿದರು. ಕೂಸು ಇನ್ನೂ ಕೆಲವು ದಿನ ಕಾರಿತು, ಆಮೇಲೆ ಚೇತರಿಸಿಕೊಂಡಿತು.

ಬೇರೆಯವರಾಗಿದ್ದರೆ ದೇವರು ದೊಡ್ಡವನು ಎಂದುಕೊಂಡು, ಮುಂದಿನ ಸಲ ಇನ್ನೂ ಗಟ್ಟಿ ದಾರ ತರುತ್ತಿದ್ದರು. ರಾಮ್‌ಸ್ಟೆಟ್ ಯೋಚನೆ ಮಾಡಿದರು. ಹೊಲಿಗೆ ಬಿಟ್ಟುಹೋದರೂ ಕೂಸು ಬದುಕಿತಾದರೆ, ಹೊಲಿಗೆ ಬೇಕೇ ಬೇಕೇನು? ಮರುವರ್ಷ ಜೂನ್ 18ರಂದು ಎರಡನೆಯ ಕೂಸು ಬಂದಾಗ ಬೇಕೆಂದೇ ಹೊಲಿಯಲಿಲ್ಲ. ಸೀಳಿ, ಸೀಳಿನ ಬಾಯನ್ನು ತೆರೆದೇ ಬಿಟ್ಟರು. ಕೂಸಿಗೆ ತೊಂದರೆಯೇ ಆಗಲಿಲ್ಲ. 1912ರ ಸೆಪ್ಟೆಂಬರಿನಲ್ಲಿ ಅದನ್ನು ಸಭೆಯಲ್ಲಿ ತಿಳಿಸಿದರು, ಅದೇ ವರ್ಷ ಪ್ರಕಟಿಸಿದರು. ನೂರು ವರ್ಷಗಳಿಗೂ ಮೇಲಾಯಿತು. ಇಂದಿಗೂ ಲೋಕದಲ್ಲೆಲ್ಲ ಈ ಕಾಯಿಲೆಗೆ ನಡೆಯುವುದು ಅದೇ ಚಿಕಿತ್ಸೆ. ಹೊಟ್ಟೆಯ ಮೇಲಿನ ಗಾಯ ಕಿರಿದಾಗಿದೆ. 1990ರ ಸುಮಾರಿನಿಂದ ದೂರದರ್ಶಕ ನಳಿಕೆ ತೂರಿಸಿಯೂ ಮಾಡುತ್ತಾರೆ. ಒಳಗಿನ ಸೀಳು ಮಾತ್ರ ರಾಮ್‌ಸ್ಟೆಟ್ ಅವರದೇ. ಅವರು 1963ರವರೆಗೂ ಬದುಕಿದ್ದರು. ಅವರ ಹೆಸರಿನಲ್ಲಿ ಮಕಾರ ಒಂದೋ ಎರಡೋ ಎಂಬ ಪಾಠಾಂತರ ವೈದ್ಯಗ್ರಂಥಗಳಲ್ಲಿ ಉಂಟು. ಆ ಚರ್ಚೆಯನ್ನು ಓದುವಾಗ ನನಗೆ ತವರೂರಿಗೆ ಬಂದಂತಾಯಿತು.

ಕತ್ತರಿಸುವ ಮುಂಚೆ ಗುರುತಿಸಬೇಕಲ್ಲ. ಆ ಗುರುತಿಸುವಿಕೆ ಬಹುಕಾಲ ಬರಿಯ ಕೈಬೆರಳುಗಳ ವಿದ್ಯೆಯಾಗಿತ್ತು. ವೈದ್ಯರು ಕೂಸಿನ ಎಡಬದಿಗೆ ಕುಳಿತುಕೊಳ್ಳುತ್ತಾರೆ. ಕೂಸು ಹಾಲು ಕುಡಿಯುತ್ತಿರಬೇಕು. ಅತ್ತರೆ ಹೊಟ್ಟೆ ಬಿಗಿದು ಏನೂ ಸಿಕ್ಕುವುದಿಲ್ಲ. ಹೊಕ್ಕುಳಿನ ಮೇಲೆ, ಬಲಕ್ಕೆ, ಯಕೃತ್ತಿನ ಅಂಚಿನಡಿಯಲ್ಲಿ ಎಡಗೈಯ ಬೆರಳ ತುದಿಗಳನ್ನು ಮೆಲ್ಲನೆ ಊರಿ ಕಾಯಬೇಕು. ಐದು ನಿಮಿಷ, ಹತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ. ಆಗ ಬೆರಳಿಗೆ ಒಂದು ಗಂಟು ಜಾರಿದಂತಾಗುತ್ತದೆ. ಅವರ ಪುಸ್ತಕಗಳು ಆಲಿವ್ ಕಾಯಿಯಂತೆ ಎನ್ನುತ್ತವೆ. ನಾವು ನೇರಳೆಹಣ್ಣಿನಷ್ಟು ಎನ್ನೋಣ. ಅದರ ಜೊತೆಗೆ ಇನ್ನೊಂದು ಲಕ್ಷಣ: ಹಾಲು ಕುಡಿದ ಮೇಲೆ ತೆಳುಹೊಟ್ಟೆಯ ಚರ್ಮದಡಿಯಲ್ಲಿ, ಎಡದಿಂದ ಬಲಕ್ಕೆ, ಅಲೆಯೊಂದು ಉರುಳಿ ಹೋಗುವುದು. ಮುಚ್ಚಿದ ಬಾಗಿಲನ್ನು ತಳ್ಳಲು ಜಠರ ಪಡುತ್ತಿರುವ ಪಾಡು ಅದು. ವಾಂತಿಯ ಬಣ್ಣವೂ ಮುಖ್ಯ. ಬಾಗಿಲಿನ ಈಚೆಗೇ ನಿಂತ ಹಾಲಾದ್ದರಿಂದ ಅದರಲ್ಲಿ ಪಿತ್ತದ ಹಸಿರು ಇರುವುದಿಲ್ಲ. ಹಸಿರು ಕಂಡರೆ ಅಡ್ಡಿ ಇನ್ನೂ ಕೆಳಗಿದೆಯೆಂದು ಅರ್ಥ, ಅದು ಹೆಚ್ಚು ಅವಸರದ ಮಾತು.

ಬೆರಳಿಗೆ ಸಿಕ್ಕುವ ಈ ಗಂಟನ್ನು ಹಳೆಯ ವೈದ್ಯರು ಗೆಡ್ಡೆಯೆಂದೇ ಬರೆದರು, ಆಮೇಲಿನವರೂ ಆ ಮಾತನ್ನು ಬಿಡಲಿಲ್ಲ. ಶಬ್ದಾರ್ಥದ ದೃಷ್ಟಿಯಿಂದ ಅದು ಗೆಡ್ಡೆಯಲ್ಲ. ಕಟ್ಟುಪಾಡು ಮೀರಿ ಬೆಳೆದ ಜೀವಕೋಶಗಳು ಅಲ್ಲಿಲ್ಲ. ಇರುವುದು ಅತಿಯಾಗಿ ದಪ್ಪಗಾದ ಸ್ನಾಯು. ಸೀಳಿ ಬಿಟ್ಟರೆ ಕ್ರಮೇಣ ತಾನಾಗಿಯೇ ತೆಳ್ಳಗಾಗುತ್ತದೆ. ನಮ್ಮ ಆಯುರ್ವೇದದ ‘ಗುಲ್ಮ’ ಎಂಬ ಮಾತು ಇದಕ್ಕಿಂತ ಹುಷಾರಿನದು. ಗುಲ್ಮವೆಂದರೆ ಪೊದೆ, ಸೈನ್ಯದ ತುಕಡಿ, ಹೊಟ್ಟೆಯೊಳಗಿನ ಗಂಟು. ಒಳಗೆ ಏನಿದೆಯೆಂದು ಅದು ಹಟ ಹಿಡಿದು ಹೇಳುವುದಿಲ್ಲ.

ಹಾಗಾದರೆ ಹಸುಗೂಸಿನ ಜಠರದಲ್ಲಿ ನಿಜವಾದ ಗೆಡ್ಡೆ ಬೆಳೆಯುವುದೇ ಇಲ್ಲವೆ? ಬೆಳೆಯುತ್ತದೆ, ಆದರೆ ಅತಿ ವಿರಳ. ‘ಟೆರಟೋಮ’ ಎಂಬ ಗೆಡ್ಡೆಯ ಒಳಗೆ ಕೂದಲು, ಎಲುಬು, ಹಲ್ಲಿನ ಚೂರು ಹೀಗೆ ಬೇರೆ ಬೇರೆ ಅಂಗಗಳ ಅಂಶಗಳು ಕಲಸಿಕೊಂಡಿರುತ್ತವೆ. ಇಂಥ ಗೆಡ್ಡೆಗಳಲ್ಲಿ ನೂರಕ್ಕೆ ಒಂದು ಕೂಡ ಜಠರದಲ್ಲಿ ಹುಟ್ಟುವುದಿಲ್ಲ. ಜಠರದಲ್ಲಿ ಅದನ್ನು ಮೊದಲು ವರದಿ ಮಾಡಿದ್ದು 1922ರಲ್ಲಿ. ಇದು ಕೂಡ ಹೆಚ್ಚಾಗಿ ಗಂಡುಕೂಸುಗಳಿಗೇ, ಮೊದಲ ವರ್ಷದೊಳಗೇ. ಹೊಟ್ಟೆ ಉಬ್ಬಿ ಬರುತ್ತದೆ, ಕೈಗೆ ದೊಡ್ಡ ಗಡ್ಡೆಯೇ ಸಿಕ್ಕುತ್ತದೆ. ಕ್ಷಕಿರಣದ ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಎಲುಬಿನ ತುಣುಕು ಕಂಡರೆ ಗುರುತು ಸಿಕ್ಕಿದ ಹಾಗೆ. ‘ಟೆರಾಸ್’ ಎಂದರೆ ಗ್ರೀಕಿನಲ್ಲಿ ವಿಕಾರ, ಉತ್ಪಾತ. ಹೆಸರು ಕೇಳಿ ಹೆತ್ತವರು ನಡುಗಬೇಕಾದದ್ದಿಲ್ಲ. ಬಹುಪಾಲು ಇವು ಸೌಮ್ಯವಾದ ಗೆಡ್ಡೆಗಳು; ಅಂಟಿಕೊಂಡ ಜಠರದ ಗೋಡೆಯ ಭಾಗದೊಂದಿಗೆ ಪೂರ್ತಿಯಾಗಿ ತೆಗೆದರೆ ಕೂಸು ಚೆನ್ನಾಗಿಯೇ ಬೆಳೆಯುತ್ತದೆ. ಮುಂದೆ ಕೆಲವು ಕಾಲ ರಕ್ತಪರೀಕ್ಷೆ ಮಾಡಿಸುತ್ತ ಕಣ್ಣಿಟ್ಟಿರಬೇಕು. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ, ಸೀಳಿ ಬಿಡಬೇಕಾದದ್ದು ಯಾವುದು, ಬುಡಸಮೇತ ತೆಗೆಯಬೇಕಾದದ್ದು ಯಾವುದು ಎಂಬ ವಿವೇಕಕ್ಕೆ ಮಸುಕು ಕವಿಯುತ್ತದೆ.

ಬೆರಳಿನ ವಿದ್ಯೆಗೆ ಜೊತೆಯಾಗಿ ಬಂದದ್ದು ಧ್ವನಿತರಂಗಗಳ ಪರೀಕ್ಷೆ, ನಾವು ಸ್ಕ್ಯಾನಿಂಗ್ ಎನ್ನುವುದು. ಈ ಗಂಟನ್ನು ಅದರಿಂದ ಕಾಣಬಹುದೆಂದು ಅಮೆರಿಕದ ಟೀಲ್ ಮತ್ತು ಸ್ಮಿತ್ 1977ರಲ್ಲಿ ತೋರಿಸಿದರು. ಸ್ನಾಯುವಿನ ದಪ್ಪ ಸುಮಾರು ಮೂರು ಮಿಲಿಮೀಟರು ಮೀರಿದರೆ ರೋಗ ಖಚಿತವಾದಂತೆ. ಆದರೂ ಕೂಸುಗಳ ಸಾವನ್ನು ಕಡಮೆ ಮಾಡಿದ್ದು ಕತ್ತರಿಯೂ ಯಂತ್ರವೂ ಮಾತ್ರವಲ್ಲ, ಉಪ್ಪುನೀರು. ಕಾರಿ ಕಾರಿ ಹೊಟ್ಟೆಯ ಆಮ್ಲವೆಲ್ಲ ಹೊರಹೋಗಿ ರಕ್ತ ಕ್ಷಾರವಾಗಿರುತ್ತದೆ, ಮೈಯ ಲವಣಗಳು ಬರಿದಾಗಿರುತ್ತವೆ. ಮೊದಲು ಅದನ್ನು ನಾಳದ ಮೂಲಕ ತುಂಬಿಕೊಡಬೇಕು; ಒಂದೆರಡು ದಿನ ತಡವಾದರೂ ಸರಿ, ಆಮೇಲೆ ಶಸ್ತ್ರ. ಈ ತಾಳ್ಮೆ ಬಂದ ಮೇಲೆ, ಒಳ್ಳೆಯ ಆಸ್ಪತ್ರೆಗಳಲ್ಲಿ ಈ ಕಾಯಿಲೆಯಿಂದ ನೂರಕ್ಕೆ ಒಂದು ಕೂಸು ಕೂಡ ಸಾಯುವುದಿಲ್ಲ. ಸ್ನಾಯು ಹೀಗೇಕೆ ಬೆಳೆಯುತ್ತದೆಂಬುದು ಮಾತ್ರ ಇನ್ನೂ ಪೂರ್ತಿ ಬಿಡಿಸದ ಒಗಟು. ವಂಶದ ಎಳೆಯಿದೆ, ಸ್ನಾಯುವಿಗೆ ‘ಸಡಿಲು’ ಎಂದು ಹೇಳುವ ನರಸಂದೇಶದ ಕೊರತೆಯಿದೆ, ಹುಟ್ಟಿದ ಹೊಸತರಲ್ಲಿ ಎರಿತ್ರೋಮೈಸಿನ್ ಎಂಬ ಔಷಧಿ ಕೊಟ್ಟರೆ ಅಪಾಯ ಹೆಚ್ಚೆಂದು 1999ರ ಒಂದು ಪ್ರಕರಣದಿಂದ ಸ್ಪಷ್ಟವಾಯಿತು. ತಾಯಿಯ ಹಾಲು ನಂಜಾಗಿ ಈ ಗಂಟು ಬೆಳೆಯುತ್ತದೆಂದು ಇಷ್ಟು ದೀರ್ಘವಾದ ಶೋಧನೆಯಲ್ಲಿ ಎಲ್ಲಿಯೂ ಕಂಡುಬಂದಿಲ್ಲ.

ಎರಡನೆಯ ಘಟನೆ 2018ರದು. ನನ್ನ ಮಗಳ ಚೊಚ್ಚಲ ಗಂಡುಕೂಸು ನಾಲ್ಕನೆಯ ವಾರದಲ್ಲಿ ಹಾಲು ಕಾರತೊಡಗಿತು. ಚಿಮ್ಮಿದ ಹಾಲು ನೆಲಕ್ಕೆ ಬಿದ್ದದ್ದನ್ನು ಕಂಡು ನನ್ನ ಕೈಕಾಲು ತಣ್ಣಗಾದುವು. ಮಗಳು ಆಗಲೇ ತಾನು ಏನು ತಿಂದೆನೆಂದು ಎಣಿಸತೊಡಗಿದ್ದಳು. ಆಸ್ಪತ್ರೆಯಲ್ಲಿ ಚಿಕ್ಕವಯಸ್ಸಿನ ವೈದ್ಯೆಯೊಬ್ಬರು ಕೂಸಿನ ಎಡಕ್ಕೆ ಕುಳಿತು, ಮಗಳಿಗೆ ಹಾಲೂಡಲು ಹೇಳಿ, ಬೆರಳೂರಿ ಕಾದರು. ಆಮೇಲೆ ಸ್ಕ್ಯಾನಿಂಗ್ ಆಯಿತು. ಎರಡು ದಿನ ಲವಣದ ನೀರು. ಮೂರನೆಯ ದಿನ ಶಸ್ತ್ರಚಿಕಿತ್ಸೆ. ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ.

ಅಮ್ಮನಿಗೆ ಆಗ ಎಂಬತ್ತು ದಾಟಿತ್ತು. ಮರಿಮಗನನ್ನು ನೋಡಬೇಕೆಂದು ಹಟ ಹಿಡಿದು ಬಂದವಳು, ವೈದ್ಯೆಯನ್ನು ನಿಲ್ಲಿಸಿ, ‘ಹಾಲಿಂದು ಏನೂ ದೋಷ ಇರ್ಲಿಲ್ವೇನಮ್ಮ?’ ಎಂದು ಕೇಳಿದಳು. ‘ಇಲ್ಲ ಅಜ್ಜಿ, ಹಾಲು ಮುಂದಕ್ಕೇ ಹೋಗ್ತಿರ್ಲಿಲ್ಲ. ಇವತ್ತು ಸಂಜೆ ಅದೇ ಹಾಲು ಕೊಡ್ತೀವಿ, ನೋಡ್ತಿರಿ’ ಎಂದು ಆಕೆ ಹೇಳಿ ಹೋದರು.

ಪುಟ್ಟುವಿಗೂ ಇದೇ ಕಾಯಿಲೆಯಾಗಿತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಗ್ರಂಥಸಂಪಾದನೆಯ ಮೇಷ್ಟರಾದವನು, ಪ್ರತಿಯೇ ಉಳಿದಿಲ್ಲದ ಪಾಠವನ್ನು ಊಹಿಸಿ ತುಂಬಬಾರದು. ಅಷ್ಟನ್ನೇ ಅಮ್ಮನಿಗೂ ಹೇಳಿದೆ: ಇದೇ ಇದ್ದಿರಬಹುದು. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಗಂಟು ಯಾವ ಕಡೆಗಿತ್ತು ಎಂದಳು. ನನ್ನ ಹೊಟ್ಟೆಯ ಮೇಲೆಯೇ ಹೊಕ್ಕುಳಿನ ಬಲಕ್ಕೆ ಬೆರಳಿಟ್ಟು ತೋರಿಸಿದೆ.

‘ಹಾಲು ಕುಡಿಸಿದ ಮೇಲೆ ಅವನ ಹೊಟ್ಟೆ ಮೇಲೆ ಅಲೆ ಬಂದ ಹಾಗೆ ಬರ್ತಿತ್ತು ಕಣೋ, ಈ ಕಡೆಯಿಂದ ಆ ಕಡೆಗೆ’ ಎಂದು ಎಡದಿಂದ ಬಲಕ್ಕೆ ಕೈಯಾಡಿಸಿದಳು. ‘ನಾನು ದಿನಾ ನೋಡ್ತಿದ್ದೆ. ಯಾರೂ ನನ್ನ ಕೇಳಲಿಲ್ಲ.’

ಸಂಜೆ ಆರೂವರೆಗೆ ಕೂಸಿಗೆ ಮೊದಲ ಹಾಲು ಕೊಟ್ಟರು. ಅಮ್ಮ ಕುರ್ಚಿಯನ್ನು ತೊಟ್ಟಿಲಿನ ಪಕ್ಕಕ್ಕೆ ಎಳೆಸಿಕೊಂಡು, ಮರಿಮಗನ ಹೊಟ್ಟೆಯನ್ನೇ ನೋಡುತ್ತ ಕುಳಿತಿದ್ದಳು.